ಜ್ಯೇಷ್ಠಮಧು ನೆಡುವಾಗಲೇ ಅಗೆಯುವ ದಿನದ ಲೆಕ್ಕ ಇರಲಿ

ಸಂಪಾದಕರಿಗೆ,

ಮನೆಯಂಗಳದಲ್ಲಿ ಬೆಳೆಸಬಹುದಾದ ಔಷಧಿ ಗಿಡಗಳ ಪಟ್ಟಿ ಎಲ್ಲಿ ಬಂದರೂ ಅದರಲ್ಲಿ ಈಗ ಜ್ಯೇಷ್ಠಮಧು ಇದ್ದೇ ಇರುತ್ತದೆ. ಪುದೀನ, ತುಳಸಿಗಳ ಸಾಲಿನಲ್ಲೇ ಅದನ್ನೂ ನಿಲ್ಲಿಸಿ, 'ಬಿಸಿಲಿಗಿಡಿ, ನೀರು ಹಾಕಿ, ಕೆಮ್ಮು ಬಂದಾಗ ಬಳಸಿ' ಎಂದು ಬರೆದು ಕೈತೊಳೆದುಕೊಳ್ಳುತ್ತಾರೆ. ಅದನ್ನು ನಂಬಿ ಕುಂಡದಲ್ಲಿ ನೆಟ್ಟವರು ವರ್ಷ ತುಂಬುತ್ತಿದ್ದಂತೆ ಕಿತ್ತು ನೋಡುತ್ತಾರೆ. ದಾರದಂಥ ಬೇರು, ಸಿಹಿ ಇದೆಯೋ ಇಲ್ಲವೋ ಎಂಬಷ್ಟು ರುಚಿ. ನೆಲದಲ್ಲಿ ನೆಟ್ಟು ಮರೆತವರದ್ದು ಇನ್ನೊಂದು ಪಾಡು: ಐದಾರು ವರ್ಷದ ಮೇಲೆ ಗಿಡ ಪಕ್ಕದ ಪಾತಿಯಲ್ಲೆಲ್ಲ ತಲೆಯೆತ್ತಿರುತ್ತದೆ, ಅಗೆಯಹೋದರೆ ಹಾರೆಗೂ ಜಗ್ಗದ ಕಟ್ಟಿಗೆ. ಎರಡು ಕಡೆಯೂ ತಪ್ಪಾದದ್ದು ನೆಟ್ಟ ದಿನವೇ. ಇದು ಎಲೆ ಚಿವುಟಿ ಬಳಸುವ ಗಿಡವಲ್ಲ, ಮೂರು ನಾಲ್ಕು ವರ್ಷ ನೆಲದಡಿ ಬೆಳೆದ ಬೇರನ್ನು ಒಮ್ಮೆಗೆ ತೆಗೆಯುವ ಬೆಳೆ. ಹಾಗಾಗಿ ಅಗೆಯುವುದು ಹೇಗೆ ಎಂಬುದನ್ನು ತೀರ್ಮಾನಿಸಿಕೊಂಡೇ ಗುಂಡಿ ತೋಡಬೇಕು.

ಅದಕ್ಕೂ ಮೊದಲು, ನೆಡುತ್ತಿರುವುದು ಜ್ಯೇಷ್ಠಮಧುವೇ ಎಂದು ಖಾತ್ರಿ ಮಾಡಿಕೊಳ್ಳಬೇಕು. ಯಷ್ಟಿಮಧು, ಅತಿಮಧುರ, ಜ್ಯೇಷ್ಠಮಧು ಮೂರೂ ಒಂದೇ ಗಿಡದ ಹೆಸರುಗಳು. ಯಷ್ಟಿ ಎಂದರೆ ಕೋಲು. ಸಿಹಿಯಾದ ಕೋಲು ಎಂದು ಬೇರನ್ನು ನೋಡಿಯೇ ಇಟ್ಟ ಹೆಸರು. ಸಸ್ಯಶಾಸ್ತ್ರದಲ್ಲಿ ಗ್ಲಿಸಿರೈಜಾ ಗ್ಲಾಬ್ರಾ, ಅದರ ಮೊದಲ ಪದಕ್ಕೆ ಗ್ರೀಕಿನಲ್ಲೂ 'ಸಿಹಿ ಬೇರು' ಎಂದೇ ಅರ್ಥ. ಹಳೆಯ ವೈದ್ಯಗ್ರಂಥಗಳ 'ಮಧುಕ' ಇದೇ ಗಿಡ. ದೀರ್ಘ ಬಂದು 'ಮಧೂಕ'ವಾದರೆ ಅದು ಹಿಪ್ಪೆ ಮರ. ಒಂದು ಮಾತ್ರೆಯ ವ್ಯತ್ಯಾಸಕ್ಕೆ ಗಿಡ ಮರವಾಗಿಬಿಡುತ್ತದೆ!

ನಿಜವಾದ ಅಪಾಯವಿರುವುದು ಗುಲಗಂಜಿಯಲ್ಲಿ. ಅದರ ಬೇರು, ಎಲೆಗಳಲ್ಲೂ ತುಸು ಸಿಹಿ ಇರುವುದರಿಂದ ಜ್ಯೇಷ್ಠಮಧುವಿನ ಬದಲಿಗೆ ಅದನ್ನು ಕೊಡುವ ರೂಢಿ ಹಳೆಯದು. ಆದರೆ ಗುಲಗಂಜಿಯ ಬೀಜದಲ್ಲಿ ಅಬ್ರಿನ್ ಎಂಬ ಪ್ರಾಣಾಂತಕ ವಿಷವಿದೆ. ಮಕ್ಕಳು ಓಡಾಡುವ ಅಂಗಳಕ್ಕೆ ಅದನ್ನು ತಿಳಿಯದೆ ತಂದುಕೊಳ್ಳುವುದು ಬೇಡ. ಎಲೆ ನೋಡಿದರೆ ಗುರುತು ಸಿಗುತ್ತದೆ. ಗುಲಗಂಜಿಯದು ಹುಣಸೆ ಎಲೆಯ ಹಾಗೆ ಜೋಡಿ ಜೋಡಿ ಕಿರು ಎಲೆಗಳು, ತುದಿಯಲ್ಲಿ ಒಂಟಿ ಎಲೆ ಇರುವುದಿಲ್ಲ, ಬಳ್ಳಿ ಆಸರೆಗೆ ಸುತ್ತಿಕೊಳ್ಳುತ್ತದೆ. ಜ್ಯೇಷ್ಠಮಧುವಿನಲ್ಲಿ 9ರಿಂದ 17 ಕಿರು ಎಲೆಗಳು, ತುದಿಯಲ್ಲೊಂದು ಒಂಟಿ ಎಲೆ ಇದ್ದೇ ಇರುತ್ತದೆ. ಎಳೆಯ ಎಲೆಯ ಅಡಿಭಾಗವನ್ನು ಬೆರಳಲ್ಲಿ ಉಜ್ಜಿದರೆ ಅಂಟಂಟು. ಗಿಡ ನೆಟ್ಟಗೆ ಮೀಟರು, ಒಂದೂವರೆ ಮೀಟರು ಬೆಳೆಯುತ್ತದೆ, ಸುತ್ತಿಕೊಳ್ಳುವುದಿಲ್ಲ. ಹೂವು ತಿಳಿ ನೇರಳೆ, ಕಾಯಿ ಎರಡು ಮೂರು ಸೆಂ.ಮೀ. ಉದ್ದದ ನುಣುಪಾದ ಚಪ್ಪಟೆ ಕೋಡು. ಕೋಡು ಕುಡುಗೋಲಿನಂತೆ ಬಾಗಿ ಮೈಮೇಲೆ ಬಿರುಸು ರೋಮವಿದ್ದರೆ ಅದು ಚೀನಾ, ಮಂಗೋಲಿಯಾ ಕಡೆಯ ಯುರಾಲೆನ್ಸಿಸ್ ಎಂಬ ಸೋದರ ಜಾತಿ. ಅದೂ ಔಷಧಿಗೆ ಬರುತ್ತದೆ, ಬೆಳೆಸುವ ಕ್ರಮವೂ ಒಂದೇ.

ಅಂಗಡಿಯ ಒಣ ಕಡ್ಡಿಯನ್ನು ಮಣ್ಣಿಗೆ ಹೂಳಿ ಚಿಗುರಿಗೆ ಕಾಯುವವರೂ ಇದ್ದಾರೆ. ಅದು ಸತ್ತ ಬೇರು, ಮೊಳೆಯುವುದಿಲ್ಲ.

ಬೀಜದಿಂದಲೂ ಬೆಳೆಸಬಹುದು, ಬೇರಿನ ತುಂಡಿನಿಂದಲೂ ಬೆಳೆಸಬಹುದು. ಬೀಜದ ಸಿಪ್ಪೆ ಗಡುಸು, ನೀರನ್ನು ಒಳಗೆ ಬಿಡುವುದಿಲ್ಲ. ಹಾಗೇ ಬಿತ್ತಿದರೆ ಹತ್ತರಲ್ಲಿ ಒಂದೆರಡು ಮೊಳೆತು ಉಳಿದವು ಮಣ್ಣಲ್ಲೇ ಮಲಗಿರುತ್ತವೆ. ಎರಡು ಉಪ್ಪುಕಾಗದಗಳ ನಡುವೆ ಬೀಜ ಹರಡಿ ಹಗುರವಾಗಿ ಉಜ್ಜಿ, ಮೇಲಿನ ಹೊಳಪು ಮಾಸಿದರೆ ಸಾಕು, ಒಳಗಿನ ತಿರುಳು ಕಾಣುವಷ್ಟು ತಿಕ್ಕಬೇಡಿ. ಆಮೇಲೆ ಉಗುರು ಬೆಚ್ಚಗಿನ ನೀರಿನಲ್ಲಿ 24 ಗಂಟೆ ನೆನೆಸಿ. ಊದಿಕೊಂಡವನ್ನು ಬಿತ್ತಿ, ಊದದೆ ಉಳಿದವನ್ನು ಮತ್ತೆ ಉಜ್ಜಿ ನೆನೆಸಿ. ಒಂದು ಸೆಂ.ಮೀ. ಆಳಕ್ಕೆ ಬಿತ್ತಿದರೆ 20ರಿಂದ 25 ಡಿಗ್ರಿ ಸೆಲ್ಸಿಯಸ್ ಬೆಚ್ಚಗಿರುವಲ್ಲಿ ಎರಡು ಮೂರು ವಾರಕ್ಕೆ ಮೊಳಕೆ. ಅಗಲ ತಟ್ಟೆಯಲ್ಲಿ ಬಿತ್ತಬೇಡಿ. ಸಸಿ ಮೇಲೆ ನಾಲ್ಕು ಬೆರಳು ಬರುವಷ್ಟರಲ್ಲಿ ತಾಯಿಬೇರು ಕೆಳಗೆ ಅದಕ್ಕಿಂತ ಉದ್ದ ಇಳಿದಿರುತ್ತದೆ. ತಳಕ್ಕೆ ತಾಗಿ ಅಡ್ಡಕ್ಕೆ ತಿರುಗಿದ ಬೇರು ಮುಂದೆಯೂ ಡೊಂಕಾಗಿಯೇ ದಪ್ಪವಾಗುತ್ತದೆ. ಉದ್ದನೆಯ ಕಾಗದದ ಕೊಳವೆಯಲ್ಲೋ ಆಳದ ಚೀಲದಲ್ಲೋ ಒಂದೊಂದೇ ಬೀಜ ಹಾಕಿ, 10–15 ಸೆಂ.ಮೀ. ಎತ್ತರಕ್ಕೇ ಕಾಯಂ ಜಾಗಕ್ಕೆ ಇಳಿಸಿಬಿಡಿ.

ಬೀಜದ ದಾರಿಯಲ್ಲಿ ಒಂದು ವರ್ಷ ಹೆಚ್ಚು ಹಿಡಿಯುತ್ತದೆ, ಮೇಲಾಗಿ ಎಲ್ಲ ಸಸಿಯೂ ಒಂದೇ ಸಮ ಸಿಹಿಯಾಗುವ ಭರವಸೆಯಿಲ್ಲ. ನನ್ನ ಮಟ್ಟಿಗೆ ಮನೆಯಂಗಳಕ್ಕೆ ಬೇರಿನ ತುಂಡೇ ಲೇಸು. ಗಿಡದ ಬುಡದಿಂದ ನೆಲದೊಳಗೇ ಅಡ್ಡಡ್ಡ ಓಡುವ ಹಬ್ಬುಬೇರು ಇರುತ್ತದಲ್ಲ, ಅದು ವಾಸ್ತವವಾಗಿ ಕಾಂಡ, ಮೈಮೇಲೆ ಅಲ್ಲಲ್ಲಿ ಕಣ್ಣುಗಳಿರುತ್ತವೆ. ಕಿರುಬೆರಳ ದಪ್ಪದ್ದನ್ನು ಆರಿಸಿ, ಎರಡು ಮೂರು ಕಣ್ಣಿರುವ ಹಾಗೆ 15–20 ಸೆಂ.ಮೀ. ತುಂಡು ಮಾಡಬೇಕು. ಕತ್ತರಿಸುವಾಗಲೇ ಗಿಡದ ಬುಡದ ಕಡೆಯ ತುದಿಯನ್ನು ಓರೆಯಾಗಿ, ಇನ್ನೊಂದು ತುದಿಯನ್ನು ನೇರವಾಗಿ ಕತ್ತರಿಸಿ. ಎರಡು ನಿಮಿಷ ಕಳೆದರೆ ಯಾವುದು ಮೇಲು, ಯಾವುದು ಕೆಳಗು ಎಂದು ಹೇಳಲಾಗುವುದಿಲ್ಲ. ನೇರ ತುದಿ ಮೇಲಾಗಿ, ಮಣ್ಣಿನಿಂದ ಮೂರು ನಾಲ್ಕು ಸೆಂ.ಮೀ. ಕೆಳಗಿರುವಂತೆ ನೆಡಿ. ಗುರುತು ತಪ್ಪಿದರೆ 6–8 ಸೆಂ.ಮೀ. ಆಳದಲ್ಲಿ ಅಡ್ಡಡ್ಡ ಮಲಗಿಸಿ, ಕಣ್ಣು ತಾನೇ ಮೇಲಕ್ಕೆ ಬರುತ್ತದೆ. ತುಂಡುಗಳು ಗಾಳಿಗೆ ಬಿದ್ದರೆ ಒಂದೇ ದಿನಕ್ಕೆ ಸುಕ್ಕಾಗುತ್ತವೆ, ನೆಡುವುದು ತಡವಾದರೆ ಒದ್ದೆ ಮರಳಲ್ಲಿ ಮುಚ್ಚಿಡಿ. ತಾಯಿಗಿಡ ನಿದ್ದೆಯಲ್ಲಿರುವಾಗ, ಹೊಸ ಚಿಗುರು ಒಡೆಯುವ ಮುನ್ನ ನೆಡುವುದು ಸರಿಯಾದ ಕಾಲ. ಗಿಡದಿಂದ ಗಿಡಕ್ಕೆ 45–60 ಸೆಂ.ಮೀ. ಇರಲಿ.

ಇನ್ನು ಗುಂಡಿ. ಜಾಗ ಆರಿಸಿದ ಮೇಲೆ ಅಲ್ಲಿ ಮೊಣಕಾಲುದ್ದ ಅಗೆದು ನೀರು ತುಂಬಿ. ಅದು ಇಂಗಿದ ಮೇಲೆ ಎರಡನೆಯ ಸಲ ತುಂಬಿ. ಎರಡನೆಯ ನೀರು ಮರುದಿನ ಬೆಳಿಗ್ಗೆಯೂ ನಿಂತಿದ್ದರೆ ಆ ಜಾಗ ಜ್ಯೇಷ್ಠಮಧುವಿಗಲ್ಲ. ದಿನವಿಡೀ ಬಿಸಿಲು, ಮರಳು ಬೆರೆತ ಗೋಡು ಮಣ್ಣು, 60–75 ಸೆಂ.ಮೀ. ವರೆಗೆ ಸಡಿಲವಾದ ನೆಲ ಬೇಕು. ತುಸು ಸುಣ್ಣದ ಅಂಶವಿರುವ ಮಣ್ಣು ಇದಕ್ಕೆ ಹಿಡಿಸುತ್ತದೆ, ಪಿಎಚ್ 6ರಿಂದ 8ರವರೆಗೆ ತೊಂದರೆಯಿಲ್ಲ. ಹುಳಿ ಮಣ್ಣಾದರೆ ನೆಡುವ ತಿಂಗಳು ಮೊದಲೇ ಸುಣ್ಣ ಬೆರೆಸಿಡಿ. ಕಲ್ಲಿಗೆ ತಾಗಿದ ಬೇರು ಕವಲೊಡೆಯುತ್ತದೆ, ಆದ್ದರಿಂದ ಕಲ್ಲನ್ನೆಲ್ಲ ಹೆಕ್ಕಬೇಕು. ಜೇಡಿಮಣ್ಣಾದರೆ ಅದರೊಂದಿಗೆ ಗುದ್ದಾಡುವುದು ಬಿಟ್ಟು ನೆಲದ ಮೇಲೆಯೇ ಪೆಟ್ಟಿಗೆ ಕಟ್ಟುವುದು ಮೇಲು.

ಪೆಟ್ಟಿಗೆಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಮನೆಯಂಗಳದ ಜ್ಯೇಷ್ಠಮಧುವಿಗೆ ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ. 60 ಸೆಂ.ಮೀ. ಉದ್ದ, ಅಷ್ಟೇ ಅಗಲ, 75 ಸೆಂ.ಮೀ. ಎತ್ತರದ ಹಲಗೆಯ ಪೆಟ್ಟಿಗೆ. ಮೂರು ಬದಿಗಳನ್ನು ಹೇಗೆ ಬೇಕಾದರೂ ಜೋಡಿಸಿ, ನಾಲ್ಕನೆಯ ಬದಿಯ ಹಲಗೆಗಳಿಗೆ ಮಾತ್ರ ಮೊಳೆ ಹೊಡೆಯದೆ ಸ್ಕ್ರೂ ಹಾಕಿ, ತುಕ್ಕು ಹಿಡಿಯದ್ದನ್ನೇ ಹಾಕಿ. ನಾಲ್ಕು ವರ್ಷದ ಮೇಲೆ ಬೇರು ತೆಗೆಯುವ ದಿನ ಆ ಬದಿಯನ್ನು ಬಿಚ್ಚಿದರೆ ಮಣ್ಣು ತಾನಾಗಿ ಕುಸಿಯುತ್ತದೆ, ಬೇರು ಮುರಿಯದೆ ಕೈಗೆ ಬರುತ್ತದೆ. ಪೆಟ್ಟಿಗೆ ನೆಲದ ಮೇಲಿದ್ದರೆ ತಳದಲ್ಲಿ ದಪ್ಪ ಜಾಲರಿ ಹಾಸಿ, ಇಲ್ಲವಾದರೆ ಬೇರು ಪೆಟ್ಟಿಗೆ ದಾಟಿ ನೆಲಕ್ಕಿಳಿದು ಎಲ್ಲ ಉಪಾಯವೂ ವ್ಯರ್ಥ. ಎರಡು ಪಾಲು ಮಣ್ಣು, ಒಂದು ಪಾಲು ದಪ್ಪ ಮರಳು, ಒಂದು ಪಾಲು ಚೆನ್ನಾಗಿ ಕಳಿತ ಕಾಂಪೋಸ್ಟ್ ಬೆರೆಸಿ ತುಂಬಿ. ಒಂದು ಪೆಟ್ಟಿಗೆಗೆ ಎರಡು ಗಿಡಕ್ಕಿಂತ ಹೆಚ್ಚು ಬೇಡ. ತಾರಸಿಯ ಮೇಲೆ ಇಡುವವರು ಲೆಕ್ಕ ಹಾಕಿ ನೋಡಿ: ಇದರೊಳಗೆ ಹಿಡಿಯುವುದು 270 ಲೀಟರ್ ಮಣ್ಣು, ನೀರುಂಡಾಗ ಹತ್ತಿರ ಹತ್ತಿರ 400 ಕಿಲೋ ತೂಗುತ್ತದೆ.

ನೆಲದಲ್ಲೇ ನೆಡುವುದಾದರೆ ಸುತ್ತ ಬೇಲಿ ಬೇಕು, ಆದರೆ ಭೂಮಿಯೊಳಗೆ. ಗಟ್ಟಿ ಪ್ಲಾಸ್ಟಿಕ್ ಹಾಳೆಯನ್ನೋ ತಗಡನ್ನೋ 60 ಸೆಂ.ಮೀ. ಆಳಕ್ಕೆ ಇಳಿಸಿ, ನೆಲದ ಮೇಲೆ ನಾಲ್ಕು ಬೆರಳು ಕಾಣುವಂತೆ ಬಿಡಿ. ಹಬ್ಬುಬೇರು ವರ್ಷಕ್ಕೆ ಒಂದು ಮೀಟರಿನಷ್ಟು ಸಲೀಸಾಗಿ ಓಡುತ್ತದೆ, ಅಗೆಯುವಾಗ ಉಳಿದ ಚೂರಿನಿಂದಲೂ ಮತ್ತೆ ಗಿಡ ಏಳುತ್ತದೆ. ಒಮ್ಮೆ ಬೇಲಿ ಹಾರಿದರೆ ಅದನ್ನು ತೆಗೆಯುವುದು ಗರಿಕೆ ತೆಗೆದ ಹಾಗೆಯೇ.

ಮೊದಲ ವರ್ಷ ಗಿಡ ಮೇಲೆ ಮೊಣಕಾಲೆತ್ತರವೂ ಬರದಿರಬಹುದು. ಹೆದರಿ ಗೊಬ್ಬರ ಸುರಿಯಬೇಡಿ. ಅದು ಆಗ ಕೆಳಗೆ ಬೆಳೆಯುತ್ತಿರುತ್ತದೆ. ಅವರೆ, ತೊಗರಿಯ ಬಂಧುವಾದ್ದರಿಂದ ಬೇರಿನ ಗಂಟುಗಳಲ್ಲಿ ಬ್ಯಾಕ್ಟೀರಿಯಾ ಇಟ್ಟುಕೊಂಡು ಗಾಳಿಯ ಸಾರಜನಕವನ್ನು ತಾನೇ ಪಡೆಯುತ್ತದೆ. ಯೂರಿಯಾ ಹಾಕಿದರೆ ಗಂಟು ಕಟ್ಟುವುದು ನಿಲ್ಲುತ್ತದೆ, ಗಿಡ ಎದೆಯೆತ್ತರ ಹಸಿರಾಗಿ ಬೆಳೆದು ನೋಡಿದವರೆಲ್ಲ ಹೊಗಳುತ್ತಾರೆ, ಅಗೆದಾಗ ಬೇರೇ ಇರುವುದಿಲ್ಲ. ವರ್ಷಕ್ಕೊಮ್ಮೆ ಬುಡಕ್ಕೆ ಎರಡು ಹಿಡಿ ಕಾಂಪೋಸ್ಟ್, ಮಣ್ಣು ಹುಳಿಯಾಗಿದ್ದರೆ ಒಂದು ಹಿಡಿ ಕಟ್ಟಿಗೆ ಬೂದಿ, ಇಷ್ಟು ಧಾರಾಳ. ಮೊದಲ ವರ್ಷ ಮುಖ್ಯವಾದದ್ದು ಕಳೆ ಕೀಳುವುದು. ನಿಧಾನದ ಗಿಡವಾದ್ದರಿಂದ ಕಳೆ ಅದನ್ನು ಸುಲಭವಾಗಿ ಮುಚ್ಚಿಹಾಕುತ್ತದೆ.

ನೀರು ಕೊಟ್ಟರೆ ಆಳಕ್ಕೆ ಇಳಿಯುವಷ್ಟು ಕೊಡಬೇಕು, ಆಮೇಲೆ ಮೇಲಿನ ಐದಾರು ಸೆಂ.ಮೀ. ಒಣಗುವವರೆಗೆ ಸುಮ್ಮನಿರಬೇಕು. ದಿನಾ ಚಿಮುಕಿಸಿದ ನೀರಿಗೆ ಬೇರು ಮೇಲ್ಮಣ್ಣಲ್ಲೇ ಹರಡಿಕೊಳ್ಳುತ್ತದೆ. ಮಣ್ಣು ಒದ್ದೆ ಇದ್ದೂ ಗಿಡ ಬಾಡಿದೆ, ಕೆಳಗಿನ ಎಲೆಗಳು ಹಳದಿಯಾಗಿವೆ ಎಂದರೆ ಬಾಯಾರಿಕೆಯಲ್ಲ, ಬೇರು ಕೊಳೆ. ಪಕ್ಕದಲ್ಲಿ ಕೆದಕಿ ಒಂದು ಬೇರನ್ನು ಹಿಡಿದೆಳೆದರೆ ಸಿಪ್ಪೆ ಕಾಲುಚೀಲದಂತೆ ಜಾರಿ ಬರುತ್ತದೆ, ವಾಸನೆ ಹೊಡೆಯುತ್ತದೆ. ಆ ಹಂತಕ್ಕೆ ಬಂದರೆ ಆರೋಗ್ಯವಾಗಿರುವ ಹಬ್ಬುಬೇರಿನ ತುದಿಗಳನ್ನು ಕತ್ತರಿಸಿ ಬೇರೆಡೆ ನೆಡುವುದೊಂದೇ ದಾರಿ. ಸಂಜೆಯಾದ ಮೇಲೆ ಎಲೆಗಳು ಜೋತು ಬೀಳುವುದು ಮಾತ್ರ ರೋಗವಲ್ಲ, ಈ ಗಿಡ ಮಲಗುವ ಕ್ರಮವೇ ಹಾಗೆ. ಅದನ್ನು ನೋಡಿ ರಾತ್ರಿ ನೀರು ಹಾಕುವವರಿಂದಲೇ ಎಷ್ಟೋ ಗಿಡ ಕೊಳೆತಿವೆ.

ಕೀಟಗಳ ಕಾಟ ದೊಡ್ಡದೇನಲ್ಲ. ಎಳೆ ಚಿಗುರಿಗೆ ಬಸವನಹುಳು, ಬಿಸಿಲು ಕಾಲದಲ್ಲಿ ಎಲೆಯಡಿಗೆ ನುಸಿ, ಗಾಳಿಯಾಡದ ಕಡೆ ಬೂದಿರೋಗ, ತುಕ್ಕುರೋಗ. ಇದು ಒಣ ಬೇಸಿಗೆಯ ಸೀಮೆಯಿಂದ ಬಂದ ಗಿಡ. ಮೆಡಿಟರೇನಿಯನ್ ತೀರದಿಂದ ಮಧ್ಯ ಏಷ್ಯಾದವರೆಗೆ ಅದರ ತವರು. ತೇವ ಗಾಳಿಯಲ್ಲಿ ಎಲೆರೋಗ ಬಾರದಿರಲು ದೂರ ದೂರ ನೆಡುವುದೇ ಅರ್ಧ ಔಷಧಿ.

ಹೂವಿನ ತೆನೆ ಕಂಡರೆ ಚಿವುಟಿ, ಕಾಯಿಗೆ ಹೋಗುವ ಶಕ್ತಿ ಬೇರಿಗೆ ಉಳಿಯಲಿ. ಚಳಿ ಬೀಳುವ ಕಡೆ ವರ್ಷಕ್ಕೊಮ್ಮೆ ಮೇಲಿನ ಗಿಡ ಪೂರ್ತಿ ಒಣಗಿ ಮಾಯವಾಗುತ್ತದೆ. ಸತ್ತಿತೆಂದು ಅದೇ ಜಾಗದಲ್ಲಿ ಇನ್ನೊಂದನ್ನು ನೆಟ್ಟು ಬೇರಿಗೆ ಗುದ್ದಲಿ ಹಾಕಿದವರಿದ್ದಾರೆ. ಬುಡದಲ್ಲೊಂದು ಗೂಟ ನೆಟ್ಟಿಡಿ. ಚಳಿ ಇಲ್ಲದ ಕಡೆ ಬೆಳವಣಿಗೆ ನಿಂತು ಎಲೆ ಹಳದಿಯಾದಾಗ ಕಾಂಡವನ್ನು ಗೇಣಿನಷ್ಟು ಬಿಟ್ಟು ಕತ್ತರಿಸಿದರೆ ಸರಿ.

ಅಗೆಯುವುದು ಮೂರನೆಯ ಅಥವಾ ನಾಲ್ಕನೆಯ ವರ್ಷ, ಎಲೆ ಉದುರಿದ ಮೇಲೆ. ಅದಕ್ಕೆ ಮೊದಲು ಸಿಹಿ ಕೂಡಿರುವುದಿಲ್ಲ, ತೀರಾ ತಡವಾದರೆ ನಾರು. ನೆಲದಲ್ಲಿದ್ದರೆ ಬುಡದಿಂದ ಅರ್ಧ ಮೀಟರು ದೂರದಲ್ಲಿ ಕಾಲುವೆ ತೋಡಿ, ಅಲ್ಲಿಂದ ಒಳಮುಖವಾಗಿ ಮಣ್ಣು ಕೆರೆಯುತ್ತ ಬನ್ನಿ. ಮೇಲಿನಿಂದ ಗುದ್ದಲಿ ಹಾಕಿದರೆ ಒಳ್ಳೆಯ ಬೇರೇ ಮೊದಲು ತುಂಡಾಗುವುದು. ಗಿಡವನ್ನು ಉಳಿಸಿಕೊಳ್ಳಬೇಕಾದರೆ ಈ ವರ್ಷ ಒಂದು ಬದಿಯ ಹಬ್ಬುಬೇರು, ಮುಂದಿನ ವರ್ಷ ಇನ್ನೊಂದು ಬದಿಯದು ತೆಗೆಯಿರಿ, ತಾಯಿಬೇರನ್ನು ಮುಟ್ಟಬೇಡಿ.

ತೆಗೆದದ್ದನ್ನು ಬೇಗ ತೊಳೆಯಿರಿ, ನೀರಿನಲ್ಲಿ ನೆನೆಹಾಕಬೇಡಿ. ಸಿಹಿಗೆ ಕಾರಣವಾದ ಗ್ಲಿಸಿರೈಜಿನ್ ನೀರಿನಲ್ಲಿ ಕರಗುವಂಥದ್ದು, ಸಕ್ಕರೆಗಿಂತ 30ರಿಂದ 50 ಪಟ್ಟು ಸಿಹಿ. 15–20 ಸೆಂ.ಮೀ. ತುಂಡು ಮಾಡಿ, ಹೆಬ್ಬೆರಳಿಗಿಂತ ದಪ್ಪದ್ದನ್ನು ಉದ್ದಕ್ಕೆ ಸೀಳಿ, ಗಾಳಿಯಾಡುವ ನೆರಳಲ್ಲಿ ಒಂದರ ಮೇಲೊಂದು ಬೀಳದಂತೆ ಹರಡಿ. ಯಂತ್ರದಲ್ಲಿ ಒಣಗಿಸುವುದಾದರೆ 40 ಡಿಗ್ರಿ ಸಾಕು. ಹಸಿ ಬೇರಿನ ಅರ್ಧ ತೂಕ ನೀರೇ. ಕಿಲೋ ಹಸಿ ಬೇರು ಸರಿಯಾಗಿ ಒಣಗಿದಾಗ ಸುಮಾರು 550 ಗ್ರಾಂ ಆಗುತ್ತದೆ, ತಕ್ಕಡಿಯೇ ಇಲ್ಲಿ ಒಳ್ಳೆಯ ಸಾಕ್ಷಿ. ಬಗ್ಗಿಸಿದರೆ ಬಾಗಬಾರದು, ಲಟಕ್ಕೆಂದು ನಾರುನಾರಾಗಿ ಮುರಿಯಬೇಕು, ಮುರಿದಲ್ಲಿ ಅರಿಸಿನಕ್ಕಿಂತ ತಿಳಿಯಾದ ಹಳದಿ ಕಾಣಬೇಕು. ಬೂದು, ಕಪ್ಪು ಚುಕ್ಕೆ ಕಂಡರೆ ಬೂಷ್ಟು ಹಿಡಿದಿದೆ, ಕೆರೆದು ಉಳಿಸಿಕೊಳ್ಳುವ ಆಸೆ ಬೇಡ, ಎಸೆಯಿರಿ. ಕಡ್ಡಿಯಾಗಿಯೇ ಗಾಳಿಯಾಡದ ಡಬ್ಬಿಯಲ್ಲಿಡಿ. ಪುಡಿ ತೇವ ಹೀರಿ ಗಂಟು ಕಟ್ಟುತ್ತದೆ.

ಈಗ, ಪಟ್ಟಿ ಬರೆಯುವವರು ಬಿಟ್ಟೇಬಿಡುವ ಭಾಗ. ಮನೆಯಲ್ಲಿ ಬೆಳೆದದ್ದು, ರಾಸಾಯನಿಕವಿಲ್ಲದ್ದು, ಹಾಗಾಗಿ ಎಷ್ಟು ತಿಂದರೂ ಒಳ್ಳೆಯದು ಎಂಬ ನಂಬಿಕೆ ಈ ಬೇರಿನ ವಿಷಯದಲ್ಲಿ ಕೆಟ್ಟದ್ದು ಮಾಡುತ್ತದೆ. ಗ್ಲಿಸಿರೈಜಿನ್ ಹೊಟ್ಟೆಗೆ ಹೋದ ಮೇಲೆ, ಮೂತ್ರಪಿಂಡದಲ್ಲಿ ಕಾರ್ಟಿಸೋಲ್ ಹಾರ್ಮೋನನ್ನು ಸುಮ್ಮನಾಗಿಸುವ ಕಿಣ್ವಕ್ಕೆ ಅಡ್ಡಬರುತ್ತದೆ. ಆಗ ದೇಹ ಉಪ್ಪನ್ನೂ ನೀರನ್ನೂ ಹಿಡಿದಿಟ್ಟುಕೊಂಡು ಪೊಟ್ಯಾಸಿಯಂ ಹೊರಹಾಕುತ್ತದೆ. ರಕ್ತದೊತ್ತಡ ಏರುತ್ತದೆ, ಕಾಲು ಊದುತ್ತದೆ, ಸ್ನಾಯುಗಳು ಸೋಲುತ್ತವೆ, ಮಿತಿ ಮೀರಿದರೆ ಹೃದಯದ ಬಡಿತವೇ ತಾಳ ತಪ್ಪುತ್ತದೆ. ಐರೋಪ್ಯ ಒಕ್ಕೂಟದ ಆಹಾರ ವೈಜ್ಞಾನಿಕ ಸಮಿತಿ ದಿನಕ್ಕೆ 100 ಮಿಲಿಗ್ರಾಂ ಗ್ಲಿಸಿರೈಜಿನ್ ಮೀರಬಾರದು ಎಂಬ ಮಿತಿಯನ್ನು 2003ರಲ್ಲಿ ಮತ್ತೊಮ್ಮೆ ಎತ್ತಿಹಿಡಿಯಿತು. ಸ್ವೀಡನ್ನಿನ ಲಿಂಕೋಪಿಂಗ್ ವಿಶ್ವವಿದ್ಯಾಲಯದ ಸಂಶೋಧಕರು 2024ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಷ್ಟೇ ಪ್ರಮಾಣವನ್ನು ಎರಡು ವಾರ ಸೇವಿಸಿದ ಆರೋಗ್ಯವಂತ ಯುವಜನರ ರಕ್ತದೊತ್ತಡವೂ ಏರಿತ್ತು.

100 ಮಿಲಿಗ್ರಾಂ ಎಂದರೆ ಎಷ್ಟು ಬೇರು? ಔಷಧಿಗಳ ಗುಣಮಟ್ಟ ನಿಗದಿಮಾಡುವ ಐರೋಪ್ಯ ಔಷಧಕೋಶದ ಪ್ರಕಾರ ಔಷಧಿಯ ದರ್ಜೆಯ ಒಣ ಬೇರಿನಲ್ಲಿ ಗ್ಲಿಸಿರೈಜಿನ್ ಕನಿಷ್ಠ ಶೇ 4ರಷ್ಟು ಇರಬೇಕು. ಆ ಲೆಕ್ಕದಲ್ಲಿ ಎರಡೂವರೆ ಗ್ರಾಂ, ಅಂದರೆ ಹೆಚ್ಚುಕಡಿಮೆ ಒಂದು ಚಿಕ್ಕ ಚಮಚ ಪುಡಿ. ಬೇರಿನಲ್ಲಿ ಶೇ 8 ಇದ್ದರೆ ಅರ್ಧ ಚಮಚಕ್ಕೇ ಮಿತಿ ಮುಟ್ಟಿತು. ನಮ್ಮ ಅಂಗಳದ ಬೇರಿನಲ್ಲಿ ಎಷ್ಟಿದೆ ಎಂದು ಮನೆಯಲ್ಲಿ ಅಳೆಯುವ ಉಪಾಯವಿಲ್ಲ. ನಾಲಿಗೆಗೆ ಸಿಹಿ ತಿಳಿಯುತ್ತದೆ, ಶೇಕಡಾ ತಿಳಿಯುವುದಿಲ್ಲ. ಆದ್ದರಿಂದ ದಿನಕ್ಕೆ ಒಂದು ಗ್ರಾಮಿನೊಳಗೆ, ಅದೂ ಗಂಟಲು ಕೆರೆಯುವ ನಾಲ್ಕೈದು ದಿನ ಮಾತ್ರ ಎಂದುಕೊಳ್ಳುವುದು ವಿವೇಕ. ರಕ್ತದೊತ್ತಡ, ಹೃದಯ, ಮೂತ್ರಪಿಂಡ, ಯಕೃತ್ತಿನ ತೊಂದರೆ ಇರುವವರು, ಮೂತ್ರ ಹೆಚ್ಚಿಸುವ ಮಾತ್ರೆ, ಹೃದಯದ ಔಷಧಿ ಡಿಗಾಕ್ಸಿನ್, ಸ್ಟೀರಾಯ್ಡ್ ತೆಗೆದುಕೊಳ್ಳುವವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಮುಟ್ಟಲೇಬಾರದು. ಪತ್ರಿಕೆಗಳಲ್ಲಿ ಮನೆಮದ್ದು ಅಚ್ಚಾಗುವಾಗ 'ಒಂದು ತುಂಡು ಜ್ಯೇಷ್ಠಮಧು' ಎಂದು ಬರೆಯುವ ಬದಲು ಗ್ರಾಮಿನಲ್ಲಿ, ಎಷ್ಟು ದಿನ ಎಂಬುದರೊಂದಿಗೆ ಬರೆಯಬೇಕೆಂದು ವಿನಂತಿ. ತುಂಡು ಎಂದರೆ ಒಬ್ಬರಿಗೆ ಉಗುರಿನಷ್ಟು, ಇನ್ನೊಬ್ಬರಿಗೆ ಗೇಣುದ್ದ.

ಕೊನೆಯದಾಗಿ, ಬೇರು ತೆಗೆದ ದಿನವೇ ಚೆನ್ನಾಗಿರುವ ನಾಲ್ಕು ಹಬ್ಬುಬೇರಿನ ತುಂಡುಗಳನ್ನು ಎತ್ತಿಟ್ಟು, ಪೆಟ್ಟಿಗೆಗೆ ಹೊಸ ಮಣ್ಣು ತುಂಬಿ ಎರಡನ್ನು ನೆಡಿ, ಎರಡನ್ನು ಒದ್ದೆ ಮರಳಲ್ಲಿ ಕಾದಿಡಿ, ನೆಟ್ಟದ್ದು ಹಿಡಿಯದಿದ್ದರೆ ಬೇಕಾಗುತ್ತದೆ. ನೆಟ್ಟ ವರ್ಷವನ್ನು ತಗಡಿನ ಚೂರಿನ ಮೇಲೆ ಮೊಳೆಯಿಂದ ಗೀಚಿ ಪೆಟ್ಟಿಗೆಗೆ ಕಟ್ಟಿ. ಪೆನ್ನಿನಲ್ಲಿ ಬರೆದದ್ದು ಬಿಸಿಲಿಗೆ ನಾಲ್ಕು ವರ್ಷ ಉಳಿಯುವುದಿಲ್ಲ.

ಇತಿ,
ಓದುಗ